ಪಾಲ್ಮಿಟೇಟ್ ಹಾಕಿದ್ರೆ ಇನ್ಸುಲಿನ್ ಏರತ್ತಾ, ಇಳಿಯತ್ತಾ? ಬೀಟಾ ಸೆಲ್ ಪ್ರಯೋಗಕ್ಕೆ ಕೈ ಹಾಕೋರಿಗೆ ಹಂತ ಹಂತದ ಗೈಡ್

ಬಯೋಕೆಮಿಸ್ಟ್ರಿ, ಫಾರ್ಮಕಾಲಜಿ ಓದೋ ಹುಡುಗ ಹುಡುಗೀರು ನಂಗೆ ತಿರುಗಿ ತಿರುಗಿ ಕೇಳೋದು ಮೂರೇ ಪ್ರಶ್ನೆ. ಪಾಲ್ಮಿಟೇಟ್ (ಪಾಮ್ ಎಣ್ಣೇಲಿ ಜಾಸ್ತಿ ಇರೋ ಒಂದು ಫ್ಯಾಟಿ ಆಸಿಡ್) ಕರಗ್ತಾನೇ ಇಲ್ಲ ಏನ್ ಮಾಡೋದು, ಒಂದು ಪೇಪರಲ್ಲಿ ಫ್ಯಾಟಿ ಆಸಿಡ್ ಇನ್ಸುಲಿನ್ ಜಾಸ್ತಿ ಮಾಡತ್ತೆ ಅಂದ್ರೆ ಇನ್ನೊಂದರಲ್ಲಿ ಕಮ್ಮಿ ಮಾಡತ್ತೆ ಅಂತಾರಲ್ಲ ಯಾವ್ದು ನಿಜ, ಆಮೇಲೆ ನನ್ನ ಬೀಟಾ ಸೆಲ್ಸ್ (ಪ್ಯಾಂಕ್ರಿಯಾಸಲ್ಲಿ ಇನ್ಸುಲಿನ್ ಮಾಡೋ ಸೆಲ್ಸ್) ಗ್ಲೂಕೋಸ್ ಹಾಕಿದ್ರೂ ತಣ್ಣಗೆ ಕೂತಿವೆ ಯಾಕೆ ಅಂತ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಯ್ತು, ಅದಕ್ಕೇ ಎಲ್ಲಾ ಒಂದೇ ಕಡೆ ಬರೀತಿದೀನಿ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ, ಇದು ಲ್ಯಾಬ್‌ನಲ್ಲಿ ಕೆಲಸ ಮಾಡೋರಿಗೆ ಬರೆದಿದ್ದು. ಮನೇಲಿ ಶುಗರ್ ಇರೋರಿಗೆ ಯಾವ ಎಣ್ಣೆ ಒಳ್ಳೇದು ಅನ್ನೋದಕ್ಕೆ ಇಲ್ಲಿ ಉತ್ತರ ಇಲ್ಲ, ಅದನ್ನ ಡಾಕ್ಟರ್ ಹತ್ರ ಕೇಳಿ.

ಮೊದಲು ಎರಡನೇ ಪ್ರಶ್ನೆ ತಗೊಳೋಣ, ಯಾಕಂದ್ರೆ ಅದು ಅರ್ಥ ಆಗದೆ ಪಿಪೆಟ್ ಹಿಡಿದ್ರೆ ಆರು ತಿಂಗಳು ನೀರಲ್ಲಿ ಹೋಮ.

ಎರಡೂ ನಿಜ. ಎಷ್ಟು ಹೊತ್ತು ಅನ್ನೋದರ ಮೇಲೆ ಇದೆ. ಅರ್ಧ ಗಂಟೆ, ಒಂದು ಗಂಟೆ ಕೊಟ್ರೆ ಪಾಲ್ಮಿಟೇಟು ಗ್ಲೂಕೋಸಿನ ಜೊತೆ ಸೇರಿ ಇನ್ಸುಲಿನ್ ಬಿಡುಗಡೇನ ಏರಿಸತ್ತೆ. ಅದೇ ಪಾಲ್ಮಿಟೇಟ್‌ನ ಜಾಸ್ತಿ ಗ್ಲೂಕೋಸ್ ಜೊತೆ 24 ಗಂಟೆ, 48 ಗಂಟೆ ಸೆಲ್ ಮೇಲೆ ಬಿಟ್ರೆ ಆ ಸೆಲ್ ಗ್ಲೂಕೋಸಿಗೆ ಸರಿಯಾಗಿ ರೆಸ್ಪಾಂಡ್ ಮಾಡೋದೇ ಕಮ್ಮಿ ಆಗತ್ತೆ, ಇನ್ಸುಲಿನ್ ತಯಾರಿ ಇಳಿಯತ್ತೆ, ಕೊನೆಗೆ ಸೆಲ್ ಸಾಯತ್ತೆ. ಇದನ್ನ ಗ್ಲೂಕೋಲಿಪೋಟಾಕ್ಸಿಸಿಟಿ ಅಂತಾರೆ, ಅಂದ್ರೆ ಸಕ್ಕರೆ ಕೊಬ್ಬು ಎರಡೂ ಒಟ್ಟಿಗೆ ಜಾಸ್ತಿ ಆಗಿ ಆಗೋ ವಿಷ. ಎರಡೂ ಅನ್ನೋದನ್ನ ಗಮನಿಸಿ, ಗ್ಲೂಕೋಸ್ ಕಮ್ಮಿ ಇದ್ರೆ ಅದೇ ಪಾಲ್ಮಿಟೇಟ್ ಅಷ್ಟು ಕಾಟ ಕೊಡಲ್ಲ.

ಈಗ ಒಳಗಡೆ ಏನಾಗತ್ತೆ ಅಂತ ಬೇಗ ಬೇಗ ನೋಡೋಣ. ಗ್ಲೂಕೋಸ್ ಬೀಟಾ ಸೆಲ್ ಒಳಗೆ ಹೋಗತ್ತೆ, ಗ್ಲೂಕೋಕೈನೇಸ್ ಅನ್ನೋ ಎನ್‌ಜೈಮ್ ಅದನ್ನ ಹಿಡಿಯತ್ತೆ, ಸುಟ್ಟು ಎಟಿಪಿ (ಸೆಲ್ಲಿನ ಇಂಧನ) ಆಗತ್ತೆ. ಎಟಿಪಿ ಏರಿದಾಗ ಸೆಲ್ ಪೊರೆ ಮೇಲಿರೋ ಒಂದು ಪೊಟ್ಯಾಸಿಯಂ ಬಾಗಿಲು ಮುಚ್ಕೊಳತ್ತೆ (ಕೆಎಟಿಪಿ ಚಾನೆಲ್ ಅಂತಾರೆ, ಗ್ಲೈಬೆನ್‌ಕ್ಲಮೈಡ್ ಥರದ ಶುಗರ್ ಮಾತ್ರೆ ಮುಚ್ಚೋದೂ ಇದನ್ನೇ), ಪೊರೆಯ ವೋಲ್ಟೇಜ್ ಬದಲಾಗತ್ತೆ, ಕ್ಯಾಲ್ಸಿಯಂ ಬಾಗಿಲು ತೆರ್ಕೊಳತ್ತೆ, ಕ್ಯಾಲ್ಸಿಯಂ ಒಳಗೆ ನುಗ್ಗಿದ ತಕ್ಷಣ ಇನ್ಸುಲಿನ್ ತುಂಬಿದ ಚೀಲಗಳು ಪೊರೆಗೆ ಅಂಟಿ ಹೊರಗೆ ಸುರೀತವೆ. ಇದು ಹೆದ್ದಾರಿ. ಫ್ಯಾಟಿ ಆಸಿಡ್ ಈ ಹೆದ್ದಾರಿಗೆ ಮೂರು ಕಡೆಯಿಂದ ಬಂದು ಸೇರ್ಕೊಳತ್ತೆ.

ಒಂದು, ಪೊರೆ ಮೇಲಿರೋ ಜಿಪಿಆರ್40 ಅನ್ನೋ ರಿಸೆಪ್ಟರ್. ಇದಕ್ಕೆ ಎಫ್‌ಎಫ್‌ಎಆರ್1 ಅಂತಾನೂ ಹೆಸರಿದೆ, ಎರಡೂ ಒಂದೇ, ಎರಡು ಬೇರೆ ಅಂದ್ಕೊಂಡು ವೈವಾದಲ್ಲಿ ಒದ್ದಾಡಿದೋರನ್ನ ನೋಡಿದೀನಿ. ಇದು ಫ್ಯಾಟಿ ಆಸಿಡ್‌ಗೆ ರಿಸೆಪ್ಟರ್ ಅಂತ ಗೊತ್ತಾಗಿದ್ದು 2003ರಲ್ಲಿ. ಉದ್ದ ಸರಪಳಿಯ ಫ್ಯಾಟಿ ಆಸಿಡ್ ಬಂದು ಕೂತ್ರೆ ಸೆಲ್ ಒಳಗಿನ ಉಗ್ರಾಣದಿಂದ ಕ್ಯಾಲ್ಸಿಯಂ ಬಿಡುಗಡೆ ಆಗತ್ತೆ. ಎರಡು, ಗ್ಲೂಕೋಸ್ ಜಾಸ್ತಿ ಇದ್ದಾಗ ಸೆಲ್‌ನಲ್ಲಿ ಮ್ಯಾಲೋನಿಲ್ ಕೋಎ ಅನ್ನೋ ಅಣು ಏರತ್ತೆ, ಅದು ಮೈಟೋಕಾಂಡ್ರಿಯಾದ ಬಾಗಿಲು ಕಾಯೋ ಸಿಪಿಟಿ-1 ಅನ್ನೋ ಎನ್‌ಜೈಮ್‌ನ ತಡೀತದೆ, ಹಾಗಾಗಿ ಫ್ಯಾಟಿ ಆಸಿಡ್ ಸುಡೋಕೆ ಒಳಗೆ ಹೋಗಕ್ಕಾಗದೆ ಆಸೈಲ್ ಕೋಎ (ಕೋಎ ಅನ್ನೋ ಅಣು ಅಂಟಿದ ಫ್ಯಾಟಿ ಆಸಿಡ್) ರೂಪದಲ್ಲಿ ಹೊರಗೇ ಜಮಾಯಿಸತ್ತೆ, ಆ ಗುಂಪೇ ಒಂದು ಸಿಗ್ನಲ್. ಮೂರು, ಆ ಆಸೈಲ್ ಕೋಎ ಟ್ರೈಗ್ಲಿಸರೈಡ್ (ಕೂಡಿಟ್ಟ ಕೊಬ್ಬು) ಆಗೋದು ಮತ್ತೆ ಒಡೆಯೋದು ಈ ಸುತ್ತಾಟದಲ್ಲಿ ಹುಟ್ಟೋ ಲಿಪಿಡ್ ಅಣುಗಳು. ಈ ಮೂರೂ ಗ್ಲೂಕೋಸ್ ಇದ್ದಾಗಲೇ ಜೋರು. ಗ್ಲೂಕೋಸ್ ಕಮ್ಮಿ ಇರುವಾಗ ಪಾಲ್ಮಿಟೇಟ್ ಸುರಿದು ಇನ್ಸುಲಿನ್ ಬರ್ಲಿಲ್ಲ ಅಂತ ಅಳಬೇಡಿ, ಬರಬಾರದು ಕೂಡ.

ಇದೆಲ್ಲಾ ತಟ್ಟೇಲಿ ಬೆಳೆದ ಸೆಲ್ಲಿನ ಕಥೆ ಮಾತ್ರಾನಾ ಅಂದ್ರೆ ಅಲ್ಲ. 1996ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಡೆನಿಸ್ ಮ್ಯಾಕ್‌ಗ್ಯಾರಿ ಅವರ ಗುಂಪು ಉಪವಾಸ ಹಾಕಿದ ಇಲಿಗಳಲ್ಲಿ ನಿಕೋಟಿನಿಕ್ ಆಸಿಡ್ ಕೊಟ್ಟು ರಕ್ತದ ಫ್ಯಾಟಿ ಆಸಿಡ್ ಇಳಿಸಿದಾಗ, ಗ್ಲೂಕೋಸ್ ಕೊಟ್ರೂ ಇನ್ಸುಲಿನ್ ಬಿಡುಗಡೆ ಹೆಚ್ಚೂಕಮ್ಮಿ ನಿಂತೇ ಹೋಯ್ತು, ಫ್ಯಾಟಿ ಆಸಿಡ್ ವಾಪಸ್ ಕೊಟ್ರೆ ಸರಿಹೋಯ್ತು. ಮರುವರ್ಷ ಅದೇ ಗುಂಪು ಇಲಿಯ ಪ್ಯಾಂಕ್ರಿಯಾಸಲ್ಲಿ ಬೇರೆ ಬೇರೆ ಫ್ಯಾಟಿ ಆಸಿಡ್ ಹಾಯಿಸಿ ತೋರಿಸಿದ್ದು ಏನಂದ್ರೆ ಸರಪಳಿ ಉದ್ದ ಆದಷ್ಟೂ, ಸ್ಯಾಚುರೇಟೆಡ್ ಆದಷ್ಟೂ (ಅಂದ್ರೆ ಸರಪಳೀಲಿ ಡಬಲ್ ಬಾಂಡ್ ಇಲ್ಲದೇ ಇದ್ದಷ್ಟೂ) ಇನ್ಸುಲಿನ್ ಏರಿಸೋ ಶಕ್ತಿ ಜಾಸ್ತಿ. ಹಾಗಾಗಿ "ಫ್ಯಾಟಿ ಆಸಿಡ್ ಹಾಕಿದೆ" ಅಂತ ನೋಟ್‌ಬುಕ್ಕಲ್ಲಿ ಬರೀಬೇಡಿ, ಯಾವ್ದು ಅಂತ ಬರೀರಿ.

ಸರಿ, ಈಗ ಕೆಲಸಕ್ಕೆ ಬರೋಣ.

ಹಂತ 1: ಸೆಲ್ ಆರಿಸೋದು

ಇಲ್ಲೇ ಅರ್ಧ ಜನ ಎಡವೋದು. ಆರ್‌ಐಎನ್-ಎಂ5ಎಫ್ ಅನ್ನೋ ಇಲಿ ಸೆಲ್ ಲೈನ್ ನಮ್ಮ ಕಡೆ ಸುಮಾರು ಲ್ಯಾಬ್‌ಗಳ ಫ್ರೀಜರಲ್ಲಿ ಇರತ್ತೆ, ಪಕ್ಕದ ಲ್ಯಾಬಲ್ಲಿ ಸಿಕ್ತು ಅಂತ ಅದನ್ನೇ ತಗೊಂಡ್ಬಿಡ್ತಾರೆ. ಅದು ಇನ್ಸುಲಿನ್ ಮಾಡತ್ತೆ ನಿಜ, ಆದ್ರೆ ದೇಹದಲ್ಲಿ ಇರೋ ಮಟ್ಟದ ಗ್ಲೂಕೋಸ್ ಏರಿಳಿತಕ್ಕೆ ಸರಿಯಾಗಿ ರೆಸ್ಪಾಂಡ್ ಮಾಡಲ್ಲ. ಸೆಲ್ ಸಾಯತ್ತಾ ಇಲ್ವಾ ಅಂತ ನೋಡೋಕೆ ಪರವಾಗಿಲ್ಲ, ಗ್ಲೂಕೋಸಿಗೆ ಇನ್ಸುಲಿನ್ ಬಿಡುಗಡೆ ಅಳೆಯೋಕೆ ಬೇಡ. ನನ್ನ ಸೆಲ್ಸ್ ತಣ್ಣಗೆ ಕೂತಿವೆ ಅನ್ನೋ ಪ್ರಶ್ನೆ ಕೇಳಿದವರಲ್ಲಿ ಎಷ್ಟು ಜನ ಇದೇ ಸೆಲ್ ಇಟ್ಕೊಂಡಿದ್ರು ಅಂತ ಕೇಳ್ಬೇಡಿ.

ತಗೋಬೇಕಾದ್ದು ಐಎನ್‌ಎಸ್-1ಇ ಅಥವಾ ಐಎನ್‌ಎಸ್-1 832/13 (ಎರಡೂ ಇಲಿಯವು), ಇಲ್ಲಾ ಎಂಐಎನ್6 (ಸುಂಡಿಲಿಯದು). ಮನುಷ್ಯರ ಸೆಲ್ಲೇ ಬೇಕು ಅಂದ್ರೆ 2011ರಿಂದ ಎಂಡೋಸಿ-ಬೀಟಾಎಚ್1 ಇದೆ, ಆದ್ರೆ ನಿಧಾನಕ್ಕೆ ಬೆಳೆಯತ್ತೆ, ಸಾಕೋದು ದುಬಾರಿ. ಇಲಿಯಿಂದ ನೇರ ಐಲೆಟ್ (ಪ್ಯಾಂಕ್ರಿಯಾಸಲ್ಲಿ ಬೀಟಾ ಸೆಲ್ ಇರೋ ಗುಂಪು) ತೆಗೆದು ಮಾಡ್ತೀನಿ ಅಂದ್ರೆ ಮೊದಲು ನಿಮ್ಮ ಸಂಸ್ಥೆಯ ಪ್ರಾಣಿ ನೀತಿ ಸಮಿತಿ ಒಪ್ಪಿಗೆ ಕೈಗೆ ಬರ್ಲಿ, ಆಮೇಲೆ ಮುಂದಿನ ಮಾತು.

ಐಎನ್‌ಎಸ್-1 ಜಾತಿಗೆ ಮೀಡಿಯಾ (ಸೆಲ್ ಬೆಳೆಸೋ ದ್ರವ) ಆರ್‌ಪಿಎಂಐ 1640, ಅದರಲ್ಲಿ ಗ್ಲೂಕೋಸ್ 11 ಮಿಲಿಮೋಲಾರ್ ಇರತ್ತೆ, ಜೊತೆಗೆ 10% ಸೀರಂ, 1 ಮಿಲಿಮೋಲಾರ್ ಪೈರುವೇಟ್, 10 ಮಿಲಿಮೋಲಾರ್ ಹೆಪೆಸ್ (ಪಿಎಚ್ ಕಾಯೋದು), 50 ಮೈಕ್ರೋಮೋಲಾರ್ ಮರ್ಕಾಪ್ಟೋಎಥನಾಲ್. ಈ ಕೊನೇದು ಕೆಟ್ಟ ವಾಸನೆ ಅಂತ ಬಿಟ್ಟುಬಿಡ್ತಾರೆ. ಬಿಡಬೇಡಿ, ಈ ಸೆಲ್ಸ್ ಅದಿಲ್ಲದೆ ನೆಟ್ಟಗೆ ಬೆಳೆಯಲ್ಲ.

ಪಾಲ್ಮಿಟೇಟ್ ಮುಟ್ಟೋಕೆ ಮುಂಚೆ ಬರೀ ಗ್ಲೂಕೋಸ್ ಕೊಟ್ಟು ಒಂದ್ಸಲ ಟೆಸ್ಟ್ ಮಾಡಿ. 2.8 ಮಿಲಿಮೋಲಾರ್‌ನಿಂದ 16.7ಕ್ಕೆ ಹೋದಾಗ ಇನ್ಸುಲಿನ್ ಎರಡು ಪಟ್ಟೂ ಏರಲಿಲ್ಲ ಅಂದ್ರೆ ಅಲ್ಲೇ ನಿಲ್ಲಿಸಿ. ಪ್ಯಾಸೇಜ್ (ಸೆಲ್ಸ್‌ನ ಹೊಸ ತಟ್ಟೆಗೆ ಎಷ್ಟು ಸಲ ಬದಲಾಯಿಸಿದೀರ ಅನ್ನೋದು) ಜಾಸ್ತಿ ಆಗಿದೆಯಾ, ಮೈಕೋಪ್ಲಾಸ್ಮಾ (ಸೆಲ್ ಕಲ್ಚರ್ ಕೆಡಿಸೋ ಬ್ಯಾಕ್ಟೀರಿಯಾ) ಬಂದಿದೆಯಾ ನೋಡಿ. (ಈ ನಂಬರ್‌ಗಳು ಅಭ್ಯಾಸ ಇಲ್ದೋರಿಗೆ: 18ರಿಂದ ಗುಣಿಸಿದ್ರೆ ಡಾಕ್ಟರ್ ರಿಪೋರ್ಟಲ್ಲಿ ಬರೋ ಲೆಕ್ಕ ಸಿಗತ್ತೆ, 2.8 ಅಂದ್ರೆ ಸುಮಾರು 50, 16.7 ಅಂದ್ರೆ ಸುಮಾರು 300.)

ಹಂತ 2: ಪಾಲ್ಮಿಟೇಟ್ ಸ್ಟಾಕ್, ಎಲ್ಲರ ತಲೆನೋವು

ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೂರ್ತೀನಿ, ಯಾಕಂದ್ರೆ ಪ್ರಯೋಗದ ಹಣೆಬರಹ ಬರೆಯೋದು ಇಲ್ಲೇ.

ಪಾಲ್ಮಿಟಿಕ್ ಆಸಿಡ್ ಅಂದ್ರೆ 16 ಇಂಗಾಲದ ಸರಪಳಿ, ಪಾಮ್ ಎಣ್ಣೇಲಿ ನೂರಕ್ಕೆ 40ಕ್ಕೂ ಜಾಸ್ತಿ ಇದೇ ಇರೋದು. ಮೇಣದ ಥರ, 63 ಡಿಗ್ರಿ ಸೆಲ್ಸಿಯಸ್‌ಗೆ ಕರಗತ್ತೆ. ನೀರಿಗೂ ಇದಕ್ಕೂ ಆಗಿಬರಲ್ಲ. ಕಾಸ್ಟಿಕ್ ಸೋಡಾ (ಸೋಡಿಯಂ ಹೈಡ್ರಾಕ್ಸೈಡ್) ಹಾಕಿದ್ರೆ ಸೋಡಿಯಂ ಪಾಲ್ಮಿಟೇಟ್ ಆಗತ್ತೆ, ಅದು ಏನು ಗೊತ್ತಾ? ಸೋಪು. ಸೋಪೇ ಮಾಡ್ತಿರೋದು ನೀವು. ಬೋರ್‌ವೆಲ್ ನೀರಲ್ಲಿ ಸೋಪು ನೊರೆ ಬರದೆ ಬಿಳಿ ಗಷ್ಟು ಕಟ್ಟತ್ತಲ್ಲ, ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಹಾಗಾಗೋದು, ಮೀಡಿಯಾದಲ್ಲೂ ಕ್ಯಾಲ್ಸಿಯಂ ಇದೆ, ನೇರ ಸುರಿದ್ರೆ ಅದೇ ಗಷ್ಟು ನಿಮ್ಮ ಸೆಲ್ಸ್ ಮೇಲೆ ಬೀಳತ್ತೆ. ಆಮೇಲೆ ಮೈಕ್ರೋಸ್ಕೋಪಲ್ಲಿ ಸೂಜಿ ಸೂಜಿ ಥರ ಕಾಣತ್ತೆ, "ಕ್ರಿಸ್ಟಲ್ ಬಂದಿದೆ" ಅಂತ ಫೋಟೋ ಕಳಿಸ್ತೀರ.

ಹಾಗಾಗಿ ಅದನ್ನ ಹೊತ್ಕೊಂಡು ಹೋಗೋಕೆ ಒಂದು ಗಾಡಿ ಬೇಕು. ರಕ್ತದಲ್ಲಿ ಆ ಕೆಲಸ ಮಾಡೋದು ಅಲ್ಬ್ಯುಮಿನ್ ಪ್ರೊಟೀನ್, ಲ್ಯಾಬಲ್ಲಿ ನಾವು ಹಸುವಿನ ಅಲ್ಬ್ಯುಮಿನ್ ತಗೋತೀವಿ, ಅದೇ ಬಿಎಸ್‌ಎ. ಬಾಟಲ್ ಮೇಲೆ ಫ್ಯಾಟಿ ಆಸಿಡ್ ಫ್ರೀ ಅಂತ ಇರ್ಲೇಬೇಕು. ಮಾಮೂಲಿ ಬಿಎಸ್‌ಎ ಬರೋವಾಗ್ಲೇ ಫ್ಯಾಟಿ ಆಸಿಡ್ ಹೊತ್ಕೊಂಡು ಬಂದಿರತ್ತೆ, ತುಂಬಿದ ಬಸ್ಸಿಗೆ ಜನ ಹತ್ತಿಸಿದಂಗೆ. ವೆಸ್ಟರ್ನ್ ಬ್ಲಾಟ್‌ಗೆ ತಂದಿದ್ದ ಬಾಟಲೀನೇ ತಗೊಂಡು ನಾನೇ ಮೂರು ತಿಂಗಳು ಕಂಟ್ರೋಲೂ ಟ್ರೀಟ್‌ಮೆಂಟೂ ಒಂದೇ ಥರ ಬರೋದನ್ನ ನೋಡ್ತಾ ಕೂತಿದ್ದೆ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

10 ಎಂಎಲ್ ಸ್ಟಾಕ್ ಮಾಡೋ ಲೆಕ್ಕ ಹೀಗೆ:

ಅ) ಗಾಜಿನ ಟ್ಯೂಬಲ್ಲಿ 25.6 ಮಿಲಿಗ್ರಾಂ ಪಾಲ್ಮಿಟಿಕ್ ಆಸಿಡ್, 1 ಎಂಎಲ್ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್. 70 ಡಿಗ್ರಿ ವಾಟರ್ ಬಾತಲ್ಲಿ ಇಟ್ಟು ಆಗಾಗ ಅಲ್ಲಾಡಿಸಿ, ಪೂರ್ತಿ ತಿಳಿ ಆಗೋವರೆಗೆ. ಇದು 100 ಮಿಲಿಮೋಲಾರ್. ಕನ್ನಡಕ ಹಾಕ್ಕೊಳ್ಳಿ, ಬಿಸಿ ಕಾಸ್ಟಿಕ್ ಕಣ್ಣಿಗೆ ಹಾರಿದ್ರೆ ಕಥೆ ಬೇರೆ.

ಆ) ಇನ್ನೊಂದರಲ್ಲಿ 1 ಗ್ರಾಂ ಫ್ಯಾಟಿ ಆಸಿಡ್ ಫ್ರೀ ಬಿಎಸ್‌ಎ, 0.9% ಸಲೈನಲ್ಲಿ, ಒಟ್ಟು 9.5 ಎಂಎಲ್ ಬರೋ ಹಂಗೆ. ಪುಡಿಯನ್ನ ಮೇಲೆ ಉದುರಿಸಿ ಸುಮ್ನೆ ಬಿಡಿ, ತಾನೇ ಮುಳುಗತ್ತೆ. ವೋರ್ಟೆಕ್ಸ್ ಹಾಕಿದ್ರೆ ಮಜ್ಜಿಗೆ ಕಡೆದಂಗೆ ನೊರೆ ಬಂದು ಅರ್ಧ ದಿನ ಕಾಯ್ತೀರ. ಕರಗಿದ ಮೇಲೆ 55 ಡಿಗ್ರಿಗೆ ತನ್ನಿ. 55 ಅಂದ್ರೆ 55, 70ರ ಬಾತಲ್ಲೇ ಇಟ್ರೆ ಆಯ್ತು ಅಂತ ಸೋಮಾರಿತನ ಮಾಡಿದ್ರೆ ಬೆಂದ ಮೊಟ್ಟೆ ಬಿಳಿ ಥರ ಗಟ್ಟಿ ಆಗತ್ತೆ.

ಇ) ಬಿಸಿ ಪಾಲ್ಮಿಟೇಟ್‌ನಿಂದ 0.5 ಎಂಎಲ್ ತೆಗೆದು 55 ಡಿಗ್ರಿಯ ಬಿಎಸ್‌ಎಗೆ ಹನಿ ಹನಿಯಾಗಿ ಬಿಡಿ, ಪ್ರತಿ ಹನಿಗೂ ಟ್ಯೂಬ್ ತಿರುಗಿಸ್ತಾ. ಪಿಪೆಟ್ ತುದಿ ತಣ್ಣಗಿದ್ರೆ ಪಾಲ್ಮಿಟೇಟ್ ಅಲ್ಲೇ ಗಟ್ಟಿಯಾಗಿ ಬಿಳಿ ಕಟ್ಟತ್ತೆ, ನೀವು ಹಾಕಿದೆ ಅಂದ್ಕೊಂಡಿದ್ದರಲ್ಲಿ ಅರ್ಧ ಟಿಪ್ ಜೊತೆ ಡಸ್ಟ್‌ಬಿನ್ನಿಗೆ ಹೋಗಿರತ್ತೆ. ಟಿಪ್‌ನ ಮೊದ್ಲು ಬಿಸಿ ನೀರಲ್ಲಿ ಎರಡ್ಮೂರು ಸಲ ಎಳೆದು ಬಿಟ್ಟು ಬೆಚ್ಚಗೆ ಮಾಡ್ಕೊಳ್ಳಿ.

ಈ) 55 ಡಿಗ್ರೀಲೇ 10 ನಿಮಿಷ ಬಿಡಿ, ಆಮೇಲೆ ರೂಮ್ ಟೆಂಪರೇಚರ್‌ಗೆ ತಣಿಸಿ, ಪಿಎಚ್ 7.4 ಹತ್ರ ಇದೆಯಾ ನೋಡಿ, 0.45 ಮೈಕ್ರಾನ್ ಫಿಲ್ಟರಲ್ಲಿ ಹಾಯಿಸಿ, ಸಣ್ಣ ಸಣ್ಣ ಭಾಗ ಮಾಡಿ ಮೈನಸ್ 20ರಲ್ಲಿ ಇಡಿ. ಮೂರು ವಾರದೊಳಗೆ ಮುಗಿಸಿ. ತೆಗೆದಾಗ 55 ಡಿಗ್ರೀಲಿ 15 ನಿಮಿಷ ಬಿಸಿ ಮಾಡಿ ತಣಿಸಿಯೇ ಬಳಸಿ, ಒಮ್ಮೆ ಕರಗಿಸಿದ್ದನ್ನ ಮತ್ತೆ ಫ್ರೀಜ್ ಮಾಡ್ಬೇಡಿ.

ಈಗ ಕೈಲಿರೋದು 5 ಮಿಲಿಮೋಲಾರ್ ಪಾಲ್ಮಿಟೇಟ್, 10% ಬಿಎಸ್‌ಎ. ಬಿಎಸ್‌ಎ ಅಣುತೂಕ ಸುಮಾರು 66,500 ಅಂತ ಇಟ್ಕೊಂಡ್ರೆ 10% ಅಂದ್ರೆ 1.5 ಮಿಲಿಮೋಲಾರ್, ಅಂದ್ರೆ ಒಂದು ಅಲ್ಬ್ಯುಮಿನ್‌ಗೆ ಮೂರು ಚಿಲ್ಲರೆ ಪಾಲ್ಮಿಟೇಟ್. ಈ ಅನುಪಾತ ಬರೆದಿಡೋದು ಪಾಲ್ಮಿಟೇಟ್ ಪ್ರಮಾಣ ಬರೆದಿಡೋದಕ್ಕಿಂತ ಮುಖ್ಯ ಅಂತ ನನ್ನ ಅಭಿಪ್ರಾಯ. ಯಾಕಂದ್ರೆ ಸೆಲ್‌ಗೆ ಕಾಣೋದು ಗಾಡಿಯಿಂದ ಇಳಿದ ಪಾಲ್ಮಿಟೇಟ್ ಮಾತ್ರ, ಅದು ನ್ಯಾನೋಮೋಲಾರ್ ಲೆಕ್ಕದಲ್ಲಿ ಇರೋದು, ಎಷ್ಟು ಇಳಿಯತ್ತೆ ಅಂತ ತೀರ್ಮಾನ ಮಾಡೋದು ಈ ಅನುಪಾತ. 0.5 ಮಿಲಿಮೋಲಾರ್ ಪಾಲ್ಮಿಟೇಟ್ ಅಂತ ಎರಡು ಪೇಪರಲ್ಲೂ ಬರೆದಿರ್ತಾರೆ, ಒಂದರಲ್ಲಿ ಅನುಪಾತ 2, ಇನ್ನೊಂದರಲ್ಲಿ 6, ಎರಡೂ ಒಂದೇ ಪ್ರಯೋಗ ಅಲ್ವೇ ಅಲ್ಲ. 6ರ ಹತ್ರ ಹೋದ್ರೆ ಸೆಲ್ ಸಾಯೋದಕ್ಕೆ ಕಾರಣ ಹುಡುಕೋ ಅಗತ್ಯಾನೇ ಇಲ್ಲ, ಅದು ಸೋಪಿನ ಸ್ನಾನ.

ಇದರ ಜೊತೆಗೇ ಕಂಟ್ರೋಲ್ ಸ್ಟಾಕೂ ಮಾಡಿ: ಅದೇ ಬಾಟಲಿ ಬಿಎಸ್‌ಎ 1 ಗ್ರಾಂ 9.5 ಎಂಎಲ್‌ಗೆ, ಪಾಲ್ಮಿಟೇಟ್ ಬದಲು 0.5 ಎಂಎಲ್ ಬರೀ ಸೋಡಿಯಂ ಹೈಡ್ರಾಕ್ಸೈಡ್, ಅದೇ ಬಿಸಿ ಅದೇ ಫಿಲ್ಟರ್. ಪಿಎಚ್ ಇದರಲ್ಲಿ ಸ್ವಲ್ಪ ಏರಿರತ್ತೆ, 7.4ಕ್ಕೆ ಸರಿ ಮಾಡ್ಕೊಳ್ಳಿ. ಬರೀ ಮೀಡಿಯಾ ಕಂಟ್ರೋಲ್ ಸಾಕು ಅನ್ನೋರಿಗೆ: ಖಾಲಿ ಬಿಎಸ್‌ಎ ಸುಮ್ನೆ ಇರಲ್ಲ, ಸೆಲ್ಲಿಂದಲೇ ಫ್ಯಾಟಿ ಆಸಿಡ್ ಎಳ್ಕೊಳತ್ತೆ, ಹಾಗಾಗಿ ಅದಕ್ಕೂ ತನ್ನದೇ ಪರಿಣಾಮ ಇದೆ.

ಹಂತ 3: ಸೆಲ್ ಹಾಕೋದು

24 ವೆಲ್ ಪ್ಲೇಟಿಗೆ ವೆಲ್‌ಗೆ ಎರಡರಿಂದ ಮೂರು ಲಕ್ಷ ಸೆಲ್ಸ್. ಮೂರು ನಾಲ್ಕು ದಿನ ಬಿಟ್ಟು, ತಳ 80% ತುಂಬಿದಾಗ ಶುರು ಮಾಡಿ. ಅಂಚಿನ ವೆಲ್‌ಗಳು ಬೇಗ ಒಣಗ್ತವೆ, ಕಂಟ್ರೋಲ್ ಎಲ್ಲಾ ಒಂದೇ ಅಂಚಲ್ಲಿ ಇಡಬೇಡಿ, ಹಂಚಿ ಹಾಕಿ.

ಹಂತ 4: ಟ್ರೀಟ್‌ಮೆಂಟ್, ಯಾವ ಪ್ರಶ್ನೆ ಕೇಳ್ತಿದೀರ ಅಂತ ಈಗಲೇ ತೀರ್ಮಾನ ಮಾಡಿ

ತಕ್ಷಣದ ಪರಿಣಾಮ ಬೇಕಂದ್ರೆ ಈ ಹಂತ ಇಲ್ಲ, ಪಾಲ್ಮಿಟೇಟ್ ಮುಂದಿನ ಹಂತದಲ್ಲಿ ಗ್ಲೂಕೋಸ್ ಜೊತೇಲೇ ಹೋಗತ್ತೆ.

ದೀರ್ಘಕಾಲದ್ದು ಬೇಕಂದ್ರೆ ಸ್ಟಾಕ್‌ನ ಮೀಡಿಯಾಗೆ ಹತ್ತರಲ್ಲಿ ಒಂದು ಪಾಲು ಹಾಕಿ, 0.5 ಮಿಲಿಮೋಲಾರ್ ಪಾಲ್ಮಿಟೇಟ್ 1% ಬಿಎಸ್‌ಎ ಆಗತ್ತೆ, 37 ಡಿಗ್ರೀಲಿ ಅರ್ಧ ಗಂಟೆ ಬಿಟ್ಟು ಬೆಳಕಿಗೆ ಹಿಡಿದು ನೋಡಿ ತಿಳಿಯಾಗಿದ್ರೆ ಮಾತ್ರ ಸೆಲ್‌ಗೆ ಕೊಡಿ. 24 ಗಂಟೆಯಿಂದ ಶುರು ಮಾಡಿ. ಸೀರಂ 10% ಹಾಗೇ ಬಿಟ್ರೆ ಅದರಲ್ಲಿರೋ ಅಲ್ಬ್ಯುಮಿನ್ನೂ ಪಾಲ್ಮಿಟೇಟ್ ಹಿಡ್ಕೊಳತ್ತೆ, ನಿಮ್ಮ ಅನುಪಾತ ಕೆಡತ್ತೆ, ಅದಕ್ಕೆ 1%ಗೆ ಇಳಿಸ್ತಾರೆ. ಇಳಿಸಿದ್ರೆ ಕಂಟ್ರೋಲಲ್ಲೂ ಇಳಿಸಿ, ಇದನ್ನೂ ಹೇಳ್ಬೇಕಾ ಅನ್ನಿಸ್ತದೆ, ಹೇಳ್ಬೇಕು.

ಒಂದು ಗುಂಪಲ್ಲಿ ಪಾಲ್ಮಿಟೇಟ್ ಬದಲು ಓಲಿಯೇಟ್ ಹಾಕಿ ನೋಡಿ. ಇದು 18 ಇಂಗಾಲ, ಒಂದು ಡಬಲ್ ಬಾಂಡ್, ನಮ್ಮ ಕಡಲೆಕಾಯಿ ಎಣ್ಣೇಲಿ ಧಾರಾಳ ಇರೋದು. ಇದು ಸೆಲ್‌ನ ಅಷ್ಟಾಗಿ ಕೊಲ್ಲಲ್ಲ, ಸುಮ್ನೆ ಟ್ರೈಗ್ಲಿಸರೈಡ್ ಹನಿಗಳಾಗಿ ಒಳಗೆ ಕೂತ್ಕೊಳತ್ತೆ, ಪಾಲ್ಮಿಟೇಟ್ ಜೊತೆ ಕೊಟ್ರೆ ಅದರ ಕಾಟಾನೂ ತಗ್ಗಿಸತ್ತೆ. ಪಾಲ್ಮಿಟೇಟ್ ಆದ್ರೆ ಸೆರಮೈಡ್ (ಸೆಲ್‌ಗೆ ವಿಷ ಆಗೋ ಲಿಪಿಡ್) ಆಗೋದು, ಇಆರ್ ಸ್ಟ್ರೆಸ್ (ಸೆಲ್ಲಿನ ಪ್ರೊಟೀನ್ ಕಾರ್ಖಾನೆ ಕೆಲಸ ಜಾಸ್ತಿಯಾಗಿ ಕಕ್ಕಾಬಿಕ್ಕಿ ಆಗೋದು) ಈ ದಾರೀಲಿ ಹಾಳು ಮಾಡತ್ತೆ. ಓಲಿಯೇಟ್ ಗುಂಪು ಇದ್ರೆ ಇದು ಯಾವ ಕೊಬ್ಬಾದ್ರೂ ಆಗ್ತಿತ್ತಾ ಅಂತ ಎಕ್ಸಾಮಿನರ್ ಕೇಳೋ ಪ್ರಶ್ನೆಗೆ ಉತ್ತರ ಕೈಲಿರತ್ತೆ.

ಹಂತ 5: ಇನ್ಸುಲಿನ್ ಬಿಡುಗಡೆ

ಬಫರ್ (ಪಿಎಚ್ ಕಾಯೋ ಉಪ್ಪಿನ ದ್ರವ) ಕೆಆರ್‌ಬಿಎಚ್: ಸೋಡಿಯಂ ಕ್ಲೋರೈಡ್ 135, ಪೊಟ್ಯಾಸಿಯಂ ಕ್ಲೋರೈಡ್ 3.6, ಸೋಡಿಯಂ ಬೈಕಾರ್ಬೊನೇಟ್ 5, ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ 0.5, ಮೆಗ್ನೀಸಿಯಂ ಕ್ಲೋರೈಡ್ 0.5, ಕ್ಯಾಲ್ಸಿಯಂ ಕ್ಲೋರೈಡ್ 1.5, ಹೆಪೆಸ್ 10, ಎಲ್ಲಾ ಮಿಲಿಮೋಲಾರ್, ಪಿಎಚ್ 7.4. ಕ್ಯಾಲ್ಸಿಯಂ ಕೊನೇಗೆ, ಇಲ್ಲಾಂದ್ರೆ ಫಾಸ್ಫೇಟ್ ಜೊತೆ ಬಿಳಿಯಾಗಿ ಕೂರತ್ತೆ. ಅವತ್ತೇ ಮಾಡಿ ಅವತ್ತೇ ಮುಗಿಸಿ. ಬೈಕಾರ್ಬೊನೇಟ್ ಇಷ್ಟು ಕಮ್ಮಿ ಇರೋದ್ರಿಂದ ಇದನ್ನ ಕಾರ್ಬನ್ ಡೈಆಕ್ಸೈಡ್ ಇರೋ ಇನ್‌ಕ್ಯುಬೇಟರಲ್ಲಿ ಇಟ್ರೆ ಹುಳಿ ಆಗತ್ತೆ, ಬರೀ 37 ಡಿಗ್ರಿ ಇರೋ ಓವನ್‌ನಲ್ಲಿ ಇಡಿ.

ಮೊದಲು ಎರಡು ಸಲ ತೊಳೀರಿ. ಮೀಡಿಯಾದಲ್ಲಿ ಎರಡು ದಿನದ ಇನ್ಸುಲಿನ್ ತೇಲ್ತಿರತ್ತೆ, ಒಂದು ಹನಿ ಉಳಿದ್ರೂ ಬೇಸಲ್ (ಗ್ಲೂಕೋಸ್ ಕಮ್ಮಿ ಇದ್ದಾಗಿನ) ರೀಡಿಂಗ್ ಆಕಾಶಕ್ಕೆ. ಐಎನ್‌ಎಸ್-1 ಸೆಲ್ಸ್ ತಳಕ್ಕೆ ಸಡಿಲವಾಗಿ ಅಂಟಿರೋದು, ಪಿಪೆಟ್‌ನ ಗೋಡೆಗೆ ಆನಿಸಿ ನಿಧಾನಕ್ಕೆ ಬಿಡಿ, ಮಧ್ಯಕ್ಕೆ ಸುರಿದ್ರೆ ಹಾಳೆ ಹಾಳೆಯಾಗಿ ಎದ್ದು ಬರ್ತವೆ.

ಆಮೇಲೆ 2.8 ಮಿಲಿಮೋಲಾರ್ ಗ್ಲೂಕೋಸ್ ಬಫರಲ್ಲಿ ಒಂದು ಗಂಟೆ ಬಿಟ್ಟು ತೆಗೆದುಹಾಕಿ, ಇದು ಸೆಲ್ ಸಮಾಧಾನ ಆಗೋಕೆ. ನಂತರ ಅಸಲಿ ಹಂತ, 30 ನಿಮಿಷ ಅಥವಾ ಒಂದು ಗಂಟೆ. ತಕ್ಷಣದ ಪರಿಣಾಮ ನೋಡೋ ಪ್ರಯೋಗಕ್ಕೆ ಕಡೇ ಪಕ್ಷ ಇಷ್ಟು ಗುಂಪು ಬೇಕು: 2.8 ಗ್ಲೂಕೋಸ್ ಬಿಎಸ್‌ಎ, 2.8 ಗ್ಲೂಕೋಸ್ ಪಾಲ್ಮಿಟೇಟ್, 16.7 ಗ್ಲೂಕೋಸ್ ಬಿಎಸ್‌ಎ, 16.7 ಗ್ಲೂಕೋಸ್ ಪಾಲ್ಮಿಟೇಟ್, ಜೊತೆಗೆ 2.8 ಗ್ಲೂಕೋಸಲ್ಲಿ 30 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ (ಅಷ್ಟೇ ಸೋಡಿಯಂ ಕ್ಲೋರೈಡ್ ಕಮ್ಮಿ ಮಾಡಿ).

ಈ ಪೊಟ್ಯಾಸಿಯಂ ಗುಂಪನ್ನ ತುಂಬಾ ಜನ ದಂಡ ಅಂತ ಬಿಟ್ಟುಬಿಡ್ತಾರೆ. ಅದು ಗ್ಲೂಕೋಸ್ ದಾರೀನ ಪೂರ್ತಿ ಬಿಟ್ಟು ನೇರ ಪೊರೆಯ ವೋಲ್ಟೇಜ್ ಬದಲಾಯಿಸತ್ತೆ. ಪೊಟ್ಯಾಸಿಯಂಗೆ ಇನ್ಸುಲಿನ್ ಬಂದು ಗ್ಲೂಕೋಸಿಗೆ ಬರದೇ ಇದ್ರೆ ತೊಂದ್ರೆ ಮೇಲೆ, ಗ್ಲೂಕೋಸ್ ಸುಡೋ ಕಡೆ ಇದೆ. ಎರಡಕ್ಕೂ ಬರಲಿಲ್ಲ ಅಂದ್ರೆ ಕ್ಯಾಲ್ಸಿಯಂ ಆದ್ಮೇಲಿನ ಭಾಗ ಕೆಟ್ಟಿದೆ, ಇಲ್ಲಾ ಸೆಲ್ಲೇ ಸತ್ತಿದೆ, ಇಲ್ಲಾ ಬಫರಿಗೆ ಕ್ಯಾಲ್ಸಿಯಂ ಹಾಕೋದೇ ಮರ್ತಿದೀರ. ನಗಬೇಡಿ, ಈ ಮೂರನೇದು ಎಷ್ಟೋ ಸಲ ನಿಜ ಆಗತ್ತೆ.

ದೊಡ್ಡ ಹಳ್ಳ ಇಲ್ಲಿದೆ: ಮಾಮೂಲಿ ಬಫರಲ್ಲಿ ಬಿಎಸ್‌ಎ 0.1% ಹಾಕ್ತಾರೆ, ಪಾಲ್ಮಿಟೇಟ್ ಸ್ಟಾಕ್ ಹತ್ತರಲ್ಲಿ ಒಂದು ಪಾಲು ಹಾಕಿದ ವೆಲ್‌ನಲ್ಲಿ 1% ಆಗಿರತ್ತೆ. ಹತ್ತು ಪಟ್ಟು ವ್ಯತ್ಯಾಸ. ಎಲ್ಲಾ ವೆಲ್‌ಗೂ ಕಂಟ್ರೋಲ್ ಸ್ಟಾಕಿಂದ ಅಷ್ಟೇ ಬಿಎಸ್‌ಎ ಹೋಗ್ಬೇಕು.

ಸಮಯ ಆದ ತಕ್ಷಣ ಪ್ಲೇಟ್ ಐಸ್ ಮೇಲಿಡಿ, ಮೇಲಿನ ದ್ರವ ತೆಗೆದು ಸೆಂಟ್ರಿಫ್ಯೂಜಲ್ಲಿ ಐದು ನಿಮಿಷ ತಿರುಗಿಸಿ, ಮೇಲಿಂದು ಮಾತ್ರ ಬೇರೆ ಟ್ಯೂಬಿಗೆ. ತೇಲ್ಕೊಂಡು ಬಂದ ಹತ್ತಾರು ಸೆಲ್ ಉಳಿದ್ರೂ ಫ್ರೀಜರಲ್ಲಿ ಒಡೆದು ಅವುಗಳ ಹೊಟ್ಟೇಲಿದ್ದ ಇನ್ಸುಲಿನ್ ಎಲ್ಲಾ ಬಿಡುಗಡೆ ಲೆಕ್ಕಕ್ಕೆ ಸೇರ್ಕೊಳತ್ತೆ.

ಹಂತ 6: ಒಳಗೆ ಉಳಿದ ಇನ್ಸುಲಿನ್ ಅಳೆಯೋದು

ವೆಲ್‌ಗೆ ಆಸಿಡ್ ಎಥನಾಲ್ (70% ಎಥನಾಲ್, 1.5% ಹೈಡ್ರೋಕ್ಲೋರಿಕ್ ಆಸಿಡ್) ಹಾಕಿ ರಾತ್ರಿಯಿಡೀ 4 ಡಿಗ್ರೀಲಿ ಇಟ್ರೆ ಒಳಗಿನ ಇನ್ಸುಲಿನ್ ಹೊರಗೆ ಬರತ್ತೆ. ಎಲೈಸಾಗೆ (ಆಂಟಿಬಾಡಿಯಿಂದ ಇನ್ಸುಲಿನ್ ಅಳೆಯೋ ಟೆಸ್ಟ್) ಹಾಕೋ ಮುಂಚೆ ನೂರಾರು ಪಟ್ಟು ತೆಳು ಮಾಡ್ಬೇಕು, ಎಷ್ಟು ಅಂತ ಒಂದೇ ಸ್ಯಾಂಪಲಲ್ಲಿ ನಾಲ್ಕೈದು ಥರ ತೆಳು ಮಾಡಿ ಮೊದಲು ನೋಡ್ಕೊಳ್ಳಿ. ಇಲ್ಲಿ ಹುಕ್ ಎಫೆಕ್ಟ್ ಅಂತ ಒಂದಿದೆ, ಇನ್ಸುಲಿನ್ ಅತಿಯಾದ್ರೆ ಕೆಲವು ಕಿಟ್‌ಗಳಲ್ಲಿ ರೀಡಿಂಗ್ ಏರೋ ಬದಲು ಇಳಿದು ಕಾಣತ್ತೆ. ಇನ್ನು ಕಿಟ್ ಇಲಿಯದ್ದಾ ಸುಂಡಿಲಿಯದ್ದಾ ಮನುಷ್ಯರದ್ದಾ ಅಂತ ಆರ್ಡರ್ ಹಾಕೋ ಮುಂಚೆ ನೋಡಿ, ಕಿಟ್ ರೇಟ್ ಕೇಳಿದ್ರೆ ಎರಡನೇ ಸಲ ತರಿಸೋಕೆ ನಿಮ್ಮ ಗೈಡ್ ಸಹಿ ಹಾಕಲ್ಲ.

ಲೆಕ್ಕ: ಬಿಡುಗಡೆ ಆದ ಇನ್ಸುಲಿನ್ ಭಾಗಿಸು ಒಟ್ಟು ಇನ್ಸುಲಿನ್, ಶೇಕಡಾ. ವೆಲ್ ಪ್ರೊಟೀನಿಂದ ಭಾಗಿಸೋ ಅಭ್ಯಾಸ ಇರೋರು ಒಂದು ಯೋಚ್ನೆ ಮಾಡಿ, 1% ಬಿಎಸ್‌ಎ ಸುರಿದ ವೆಲ್‌ನಲ್ಲಿ ನೀವು ಅಳೆಯೋ ಪ್ರೊಟೀನ್ ಯಾರದ್ದು? ಸೆಲ್‌ದಾ ಹಸುವಿನದ್ದಾ? ನಾನಂತೂ ಡಿಎನ್‌ಎ ಅಳೆದು ಅದರಿಂದ ಭಾಗಿಸ್ತೀನಿ.

ಹಂತ 7: ಬಂದ ನಂಬರನ್ನ ಓದೋದು

48 ಗಂಟೆ ಪಾಲ್ಮಿಟೇಟ್ ಆದ್ಮೇಲೆ ಸಾಮಾನ್ಯವಾಗಿ ಬೇಸಲ್ ಬಿಡುಗಡೆ ಏರಿರತ್ತೆ, ಗ್ಲೂಕೋಸಿನದ್ದು ಇಳಿದಿರತ್ತೆ. ಎಷ್ಟು ಪಟ್ಟು ಅಂತ ಒಂದೇ ಬಾರ್ ಹಾಕಿದ್ರೆ ಈ ಎರಡರಲ್ಲಿ ಯಾವ್ದರಿಂದ ಪಟ್ಟು ಇಳೀತು ಅಂತ ಓದೋರಿಗೆ ಗೊತ್ತಾಗಲ್ಲ. ಎರಡೂ ಬಾರ್ ತೋರಿಸಿ.

ಇನ್ನೊಂದು ಉದಾಹರಣೆ ಲೆಕ್ಕ. ಕಂಟ್ರೋಲ್ ವೆಲ್‌ನಲ್ಲಿ ಒಟ್ಟು 100, ಬಿಡುಗಡೆ 5. ಪಾಲ್ಮಿಟೇಟ್ ವೆಲ್‌ನಲ್ಲಿ ಒಟ್ಟು 60, ಬಿಡುಗಡೆ 3. ಬಿಡುಗಡೆ 40% ಇಳೀತು ಅಂತ ಬರೆದುಬಿಡ್ತೀರ, ಆದ್ರೆ ಶೇಕಡಾ ಲೆಕ್ಕದಲ್ಲಿ ಎರಡೂ 5. ಅಂದ್ರೆ ಬಿಡುಗಡೆ ಮಾಡೋ ಯಂತ್ರ ಸರಿಯಾಗೇ ಇದೆ, ಉಗ್ರಾಣ ಖಾಲಿ ಆಗಿದೆ ಇಲ್ಲಾ ಸೆಲ್ ಸತ್ತು ಸಂಖ್ಯೆ ಕಮ್ಮಿ ಆಗಿದೆ. ಪಕ್ಕದಲ್ಲೇ ಒಂದು ಪ್ಲೇಟಲ್ಲಿ ಎಲ್‌ಡಿಎಚ್ ಥರದ ಸೆಲ್ ಸಾವಿನ ಟೆಸ್ಟ್ ಇಟ್ಕೊಂಡಿದ್ರೆ ಇವೆರಡರಲ್ಲಿ ಯಾವ್ದು ಅಂತ ಹೇಳಬಹುದು.

ತಕ್ಷಣದ ಏರಿಕೆ ಸಿಕ್ಕಿತು, ಅದು ಜಿಪಿಆರ್40ಯಿಂದಾನಾ ಅಂತ ನೋಡ್ಬೇಕಾ? ಜಿಡಬ್ಲ್ಯು1100 ಅನ್ನೋ ಆಂಟಗೊನಿಸ್ಟ್ (ರಿಸೆಪ್ಟರ್‌ಗೆ ಬೀಗ ಹಾಕೋದು) ಮೊದಲೇ ಕೊಟ್ಟು ನೋಡಿ. ಏರಿಕೆ ಪೂರ್ತಿ ಹೋಗದೆ ಒಂದಿಷ್ಟು ಉಳೀತು ಅಂದ್ರೆ ಗಾಬರಿ ಬೇಡ, ಮೇಲೆ ಹೇಳಿದ ಮೂರು ದಾರೀಲಿ ನೀವು ಮುಚ್ಚಿದ್ದು ಒಂದನ್ನೇ. ಉಳಿದಿದ್ದನ್ನ ಪರೀಕ್ಷೆ ಮಾಡೋಕೆ ಫ್ಯಾಟಿ ಆಸಿಡ್ ಆಸೈಲ್ ಕೋಎ ಆಗೋದನ್ನೇ ತಡೆಯೋ ಟ್ರಯಾಕ್ಸಿನ್ ಸಿ ಇದೆ. ಇಟೊಮಾಕ್ಸಿರ್ ಹಾಕಿ ಸಿಪಿಟಿ-1 ಮುಚ್ಚೋರು ಪ್ರಮಾಣ ಕಮ್ಮಿ ಇಡಿ, ಜಾಸ್ತಿ ಆದ್ರೆ ಮೈಟೋಕಾಂಡ್ರಿಯಾದ ಬೇರೆ ಭಾಗಕ್ಕೂ ಹೊಡೀತದೆ.

ಜಿಪಿಆರ್40 ಸಿಕ್ಕಿದ ಕೂಡ್ಲೇ ಔಷಧಿ ಕನಸು ಕಾಣೋರಿಗೆ ಒಂದು ಹಳೇ ಸಂಗತಿ. ಜಪಾನಿನ ಟಕೇಡಾ ಕಂಪನಿ ಇದೇ ರಿಸೆಪ್ಟರನ್ನ ಚುರುಕು ಮಾಡೋ ಫಾಸಿಗ್ಲಿಫಾಮ್ ಅನ್ನೋ ಮಾತ್ರೇನ ಮೂರನೇ ಹಂತದ ಪರೀಕ್ಷೆವರೆಗೂ ತಂದಿತ್ತು, ಶುಗರ್ ಇಳೀತಾನೂ ಇತ್ತು, ಆದ್ರೆ ಲಿವರ್‌ಗೆ ತೊಂದ್ರೆ ಅಂತ 2013ರ ಡಿಸೆಂಬರಲ್ಲಿ ನಿಲ್ಲಿಸಿಬಿಟ್ರು. ಥೀಸಿಸ್‌ನ ಚರ್ಚೆ ಅಧ್ಯಾಯದಲ್ಲಿ ಇದನ್ನ ಬರೀದೆ ಬಿಟ್ರೆ ಕೇಳೋರು ಕೇಳ್ತಾರೆ.

ಇನ್ನು ಎನ್ ಲೆಕ್ಕ (ಪ್ರಯೋಗ ಬೇರೆ ಬೇರೆಯಾಗಿ ಎಷ್ಟು ಸಲ ಆಯ್ತು ಅನ್ನೋದು). ಒಂದೇ ದಿನ ಒಂದೇ ಪ್ಲೇಟಲ್ಲಿ ಆರು ವೆಲ್ ಇದ್ರೆ ಎನ್ ಆರು ಅಲ್ಲ, ಒಂದು. ಬೇರೆ ದಿನ, ಬೇರೆ ಪ್ಯಾಸೇಜ್, ಸಾಧ್ಯ ಆದ್ರೆ ಬೇರೆ ಪಾಲ್ಮಿಟೇಟ್ ಸ್ಟಾಕ್, ಹಾಗೆ ಕಡೇ ಪಕ್ಷ ಮೂರು ಸಲ, ನಂಗೆ ಕೇಳಿದ್ರೆ ಐದು.

ಉಳಿದ ಒಂದೆರಡು ಪ್ರಶ್ನೆ

ಸ್ಟಾಕ್ ಮಂಜು ಮಂಜಾಗಿದೆ, ಬಳಸಬಹುದಾ? 55 ಡಿಗ್ರೀಲಿ ಬಿಸಿ ಮಾಡಿ, ತಿಳಿ ಆದ್ರೆ ಸರಿ. ತಣ್ಣಗಾದ ಮೇಲೆ ಮತ್ತೆ ಮಂಜಾದ್ರೆ ಚೆಲ್ಲಿ. ಫಿಲ್ಟರ್ ಹಾಕಿ ಕ್ರಿಸ್ಟಲ್ ತೆಗೆದು ಉಳಿದಿದ್ದನ್ನ ಬಳಸ್ತೀನಿ ಅನ್ನೋರಿಗೆ: ಫಿಲ್ಟರಲ್ಲಿ ಉಳಿದಿದ್ದು ನಿಮ್ಮ ಪಾಲ್ಮಿಟೇಟೇ, ಈಗ ಕೆಳಗೆ ಎಷ್ಟು ಇದೆ ಅಂತ ನಿಮಗೆ ಗೊತ್ತಿಲ್ಲ. ಫ್ಯಾಟಿ ಆಸಿಡ್ ಅಳೆಯೋ ಕಿಟ್ ಇದ್ರೆ ಫಿಲ್ಟರ್ ಆದ್ಮೇಲೆ ಒಂದ್ಸಲ ಅಳೆದು ಆ ನಂಬರನ್ನೇ ಬರೀರಿ.

ಪಾಲ್ಮಿಟೇಟ್ ಬದಲು ನಮ್ಮ ಕೊಬ್ಬರಿ ಎಣ್ಣೆಯ ಲಾರಿಕ್ ಆಸಿಡ್ ಹಾಕಿದ್ರೆ ಹೇಗೆ ಅಂತ ಮಂಗಳೂರು ಕಡೆಯಿಂದ ಒಬ್ಬರು ಕೇಳಿದ್ರು. ಹಾಕಿ, ಒಳ್ಳೇ ಪ್ರಶ್ನೆ. 12 ಇಂಗಾಲ, ಕರಗಿಸೋದು ಪಾಲ್ಮಿಟೇಟಿಗಿಂತ ಸುಲಭ, ಜಿಪಿಆರ್40ಗೂ ಕೂರತ್ತೆ. 1 ಎಂಎಲ್‌ಗೆ 20 ಮಿಲಿಗ್ರಾಂ ತೂಗಿದ್ರೆ ಅದೇ 100 ಮಿಲಿಮೋಲಾರ್ ಆಗತ್ತೆ, ಬಾಕಿ ಎಲ್ಲಾ ಹಾಗೇ. ಎಣ್ಣೇನ ಮಾತ್ರ ನೇರ ಹಾಕೋಕೆ ಹೋಗ್ಬೇಡಿ, ಎಣ್ಣೇಲಿ ಇರೋದು ಟ್ರೈಗ್ಲಿಸರೈಡು, ಬಿಡಿ ಫ್ಯಾಟಿ ಆಸಿಡ್ ಅಲ್ಲ, ಸುಮ್ನೆ ಮೀಡಿಯಾ ಮೇಲೆ ಸಾರಿನ ಒಗ್ಗರಣೆ ಥರ ತೇಲತ್ತೆ ಅಷ್ಟೆ.